ಕತ್ತಲಾದ ಮೇಲೆ ಸೈಕಲ್ಲಿನಲ್ಲಿ ಓಡಾಟ: ಕೈಗೆಟಕುವ ಬೆಲೆಗೆ ಯಾವ ಲೈಟು ತಗೊಳ್ಳಲಿ?

ಸಂಜೆಪಾಳಿ

ಎಲ್ಲರಿಗೂ ನಮಸ್ಕಾರ. ನನ್ನ ಪಾಳಿ ಬದಲಾಗಿದೆ. ಇನ್ನು ಮುಂದೆ ಕೆಲಸ ಮುಗಿಸಿ ಸೈಕಲ್ ಹತ್ತುವ ಹೊತ್ತಿಗೆ ಪೂರ್ತಿ ಕತ್ತಲಾಗಿರುತ್ತದೆ. ದಾರಿ ಸುಮಾರು ಮುಕ್ಕಾಲು ಗಂಟೆಯದು. ಮೊದಲರ್ಧಕ್ಕೆ ಬೀದಿದೀಪ ಇದೆ, ಗಾಡಿಗಳ ಓಡಾಟವೂ ಇದೆ. ಉಳಿದರ್ಧದಲ್ಲಿ ಎರಡೂ ಇಲ್ಲ, ಡಾಂಬರು ಬೇರೆ ಅಲ್ಲಲ್ಲಿ ಕಿತ್ತು ಬಂದಿದೆ. ಹ್ಯಾಂಡಲ್ ಮುಂದೆ ಬುಟ್ಟಿ ಇದೆ, ಸಾಮಾನೆಲ್ಲ ಅದರಲ್ಲೇ ಹೋಗೋದರಿಂದ ಅದನ್ನು ತೆಗೆಯೋ ಹಾಗಿಲ್ಲ.

ಲೈಟು ಹುಡುಕಲು ಕೂತರೆ ಒಂದರ ಡಬ್ಬಿ ಮೇಲೆ 200 ಲ್ಯೂಮೆನ್ ಅಂತಿದೆ, ಅದರ ಅರ್ಧ ಬೆಲೆಯ ಇನ್ನೊಂದರ ಮೇಲೆ 10,000 ಲ್ಯೂಮೆನ್ ಅಂತಿದೆ. ಯಾವುದನ್ನು ನಂಬೋದು? ಜಾಸ್ತಿ ಖರ್ಚು ಮಾಡೋ ಸ್ಥಿತಿ ಇಲ್ಲ. ಹಾಗಂತ ಒಂದು ಮಳೆಗೆ ಕೆಟ್ಟುಹೋಗುವಂಥದ್ದೂ ಬೇಡ. ದಿನಾ ಕತ್ತಲಲ್ಲಿ ಓಡಾಡೋರು ದಯವಿಟ್ಟು ದಾರಿ ತೋರಿಸಿ.

ಹಳೇಪೆಡಲು

ಒಳ್ಳೆ ಪ್ರಶ್ನೆ. ನಿಮ್ಮ ದಾರಿಯಲ್ಲಿ ಎರಡು ಬೇರೆ ಬೇರೆ ಅಗತ್ಯ ಇದೆ. ಬೀದಿದೀಪ ಇರುವ ಕಡೆ ರಸ್ತೆ ನಿಮಗೆ ಹೇಗೂ ಕಾಣುತ್ತೆ, ಅಲ್ಲಿ ನೀವು ಬೇರೆಯವರಿಗೆ ಕಾಣಬೇಕು, ಅಷ್ಟೆ. ಅದಕ್ಕೆ 50ರಿಂದ 100 ಲ್ಯೂಮೆನ್ ಧಾರಾಳ. ದೀಪ ಇಲ್ಲದ ಕಡೆ ಗುಂಡಿ ನಿಮ್ಮ ಕಣ್ಣಿಗೆ ಬೀಳಬೇಕು. ಅಲ್ಲಿ 200ರಿಂದ 400 ಲ್ಯೂಮೆನ್ ನಿಜವಾಗಿ ಕೊಡುವ ಲೈಟು ಬೇಕು. 'ನಿಜವಾಗಿ' ಅನ್ನೋದನ್ನು ಒತ್ತಿ ಹೇಳ್ತಿದ್ದೀನಿ.

ಇನ್ನೊಂದು ವಿಷಯ. ಲ್ಯೂಮೆನ್ ಅಂದರೆ ಲೈಟಿನಿಂದ ಎಲ್ಲಾ ದಿಕ್ಕಿಗೂ ಹೊರಬೀಳುವ ಬೆಳಕಿನ ಒಟ್ಟು ಮೊತ್ತ. ಆ ಬೆಳಕು ಎಲ್ಲಿ ಬೀಳುತ್ತೆ ಅನ್ನೋದನ್ನು ಅದು ಹೇಳೋದಿಲ್ಲ. ರಸ್ತೆ ಮೇಲೆ ಒಂದು ಜಾಗದಲ್ಲಿ ಎಷ್ಟು ಬೆಳಕು ಬಿತ್ತು ಅನ್ನೋದಕ್ಕೆ ಲಕ್ಸ್ ಅಂತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತೆ. ಹಾಗಾಗಿ ಬೆಳಕನ್ನು ರಸ್ತೆಗೆ ಸರಿಯಾಗಿ ಹಾಯಿಸುವ 200 ಲ್ಯೂಮೆನ್ ಲೈಟು, ಅದನ್ನು ಆಕಾಶಕ್ಕೂ ಮರಕ್ಕೂ ಎರಚುವ 600 ಲ್ಯೂಮೆನ್ ಲೈಟಿಗಿಂತ ಕೆಲಸಕ್ಕೆ ಬರುತ್ತೆ.

ಟಾರ್ಚುಪ್ರೇಮಿ

ಸೈಕಲ್ ಲೈಟು ಅಂತ ಹೆಸರಿಟ್ಟ ಕೂಡಲೇ ಬೆಲೆ ಏರುತ್ತೆ. ನಾನು ಬಹಳ ಕಾಲದಿಂದ ಉಪಯೋಗಿಸ್ತಿರೋದು ಒಂದು ಒಳ್ಳೆ ಕೈಟಾರ್ಚು, ಜೊತೆಗೊಂದು ರಬ್ಬರ್ ಕ್ಲ್ಯಾಂಪು. ಒಳಗೆ 18650 ಅನ್ನೋ ಲಿಥಿಯಂ ಸೆಲ್ಲು. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ, ಎಲ್ಲಾ ಕಡೆ ಸಿಗುತ್ತೆ. ಚಾರ್ಜು ಮುಗಿದರೆ ಜೇಬಿನಿಂದ ಇನ್ನೊಂದು ತೆಗೆದು ಹಾಕಿದರಾಯ್ತು. ಸೆಲ್ಲಿಗೆ ವಯಸ್ಸಾದರೆ ಲೈಟನ್ನೇ ಎಸೆಯಬೇಕಾಗಿಲ್ಲ. ಬಜೆಟ್ ಕಡಿಮೆ ಇದ್ದವರಿಗೆ ಇದಕ್ಕಿಂತ ಒಳ್ಳೇದು ಇಲ್ಲ.

ಎದುರುದಾರಿ

ಟಾರ್ಚುಪ್ರೇಮಿ ಅವರೇ, ಸೆಲ್ ಬದಲಿಸಬಹುದು ಅನ್ನೋ ಮಾತನ್ನು ಒಪ್ತೀನಿ. ಆದರೆ ಎದುರಿನಿಂದ ಬರೋರ ಬಗ್ಗೆಯೂ ಯೋಚನೆ ಮಾಡಿ. ನಾನು ಕತ್ತಲೆ ದಾರಿಯಲ್ಲಿ ದಿನಾ ನಡೆದು ಹೋಗ್ತೀನಿ, ಆಗಾಗ ಸೈಕಲ್ಲೂ ಹೊಡೀತೀನಿ. ಟಾರ್ಚಿನ ಬೆಳಕು ದುಂಡಗೆ ಹರಡುತ್ತೆ. ಮಧ್ಯದ ಹೊಳಪು ರಸ್ತೆಗೆ ಬೀಳುವ ಹಾಗೆ ಬಗ್ಗಿಸಿದರೂ ಸುತ್ತಲಿನ ಬೆಳಕು ನೇರ ಎದುರಿನವರ ಮುಖಕ್ಕೇ ಬರುತ್ತೆ. ಆಮೇಲೆ ಕೆಲವು ಕ್ಷಣ ನನಗೆ ರಸ್ತೆಯ ಅಂಚೇ ಕಾಣಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಕೆಡಿಸೋಕೆ ಒಂದು ಕ್ಷಣ ಸಾಕು. ವಯಸ್ಸಾದವರಿಗಂತೂ ಚೇತರಿಸಿಕೊಳ್ಳೋಕೆ ಇನ್ನೂ ಹೊತ್ತು ಹಿಡಿಯುತ್ತೆ.

ಇದು ಬರೀ ಸೌಜನ್ಯದ ಮಾತಲ್ಲ. ಕಣ್ಣು ಕುಕ್ಕಿಸಿಕೊಂಡ ಡ್ರೈವರು ನಿಮ್ಮ ಕಡೆಗೇ ಬರ್ತಿರ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಏನೂ ಕಾಣದೆ ಇರೋದು ನಿಮಗೇ ಅಪಾಯ.

ಸಂಜೆಪಾಳಿ

ಈ ದಿಕ್ಕಿನಲ್ಲಿ ನಾನು ಯೋಚಿಸಿಯೇ ಇರಲಿಲ್ಲ, ಧನ್ಯವಾದ. ಹಾಗಾದರೆ ಬೆಳಕು ಮೇಲಕ್ಕೆ ಹೋಗದ ಲೈಟು ಅಂತ ಕೊಳ್ಳುವಾಗ ಗುರುತಿಸೋದು ಹೇಗೆ? ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತೆ.

ಹಳೇಪೆಡಲು

ಮುಂದಿನ ಗಾಜನ್ನು ನೋಡಿ. ದುಂಡಗಿನ ನುಣುಪು ಗಾಜು, ಒಳಗೆ ಬಟ್ಟಲಿನಂಥ ಪ್ರತಿಫಲಕ, ನಡುವೆ ಎಲ್‌ಇಡಿ ಇದ್ದರೆ ಅದು ಟಾರ್ಚಿನ ಬೆಳಕೇ. ರಸ್ತೆಗಂತ ಮಾಡಿದ ಲೈಟಿನಲ್ಲಿ ಗಾಜು ಸಾಮಾನ್ಯವಾಗಿ ಆಯತಾಕಾರದಲ್ಲಿರುತ್ತೆ ಅಥವಾ ಅದರ ಮೇಲೆ ಗೀರುಗೀರು ಇರುತ್ತೆ. ಕೆಲವದರಲ್ಲಿ ಎಲ್‌ಇಡಿ ಮೇಲ್ಗಡೆ ಕೂತು ಕೆಳಮುಖವಾಗಿ ಪ್ರತಿಫಲಕಕ್ಕೆ ಬೆಳಕು ಹಾಯಿಸುತ್ತೆ, ಎದುರಿನಿಂದ ನೋಡಿದರೆ ಎಲ್‌ಇಡಿ ಕಾಣೋದೇ ಇಲ್ಲ. ಗೋಡೆ ಮೇಲೆ ಬಿಟ್ಟರೆ ಬೆಳಕಿನ ಮೇಲಂಚು ಕತ್ತರಿಸಿದ ಹಾಗೆ ಅಡ್ಡಗೆರೆಯಾಗಿ ಕಾಣಬೇಕು.

ಇನ್ನೊಂದು ಗುರುತು ಜರ್ಮನಿಯದು. ಅಲ್ಲಿನ ರಸ್ತೆ ನಿಯಮದ (ಹೆಸರು ಎಸ್‌ಟಿವಿಜೆಡ್‌ಒ) ಪ್ರಕಾರ ಸೈಕಲ್ಲಿನ ಮುಂದೀಪ 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಕೊಡಬೇಕು, ಗೆರೆಯ ಮೇಲಕ್ಕೆ ಹೋಗುವ ಬೆಳಕಿಗೂ ಮಿತಿ ಇದೆ. ಪರೀಕ್ಷೆಯಲ್ಲಿ ಪಾಸಾದ ಲೈಟಿನ ಮೈಮೇಲೆ ಅಲೆಯಂಥ ಗೆರೆ, ಪಕ್ಕದಲ್ಲಿ 'ಕೆ' ಅಕ್ಷರ, ಒಂದು ಸಂಖ್ಯೆ ಅಚ್ಚಾಗಿರುತ್ತೆ. ನೀವು ಜರ್ಮನಿಯಲ್ಲಿ ಇರಬೇಕಾಗಿಲ್ಲ, ಈ ಗುರುತಿನ ಲೈಟುಗಳು ಬೇರೆ ಕಡೆಯೂ ಮಾರಾಟಕ್ಕಿವೆ. ಎಲ್ಲವೂ ದುಬಾರಿಯಲ್ಲ, ಚಿಕ್ಕವು ಸಾಕಷ್ಟಿವೆ. ಡಬ್ಬಿ ಮೇಲೆ 30 ಅಥವಾ 40 ಲಕ್ಸ್ ಅಂತ ಇದ್ದರೆ ನಿಮ್ಮ ವೇಗಕ್ಕೆ ಸರಿಹೋಗುತ್ತೆ.

ಬ್ಯಾಟರಿಲೆಕ್ಕ

10,000 ಲ್ಯೂಮೆನ್ ಲೈಟಿನ ವಿಷಯಕ್ಕೆ ಬರ್ತೀನಿ, ಯಾಕಂದರೆ ಇದರಲ್ಲೇ ಜನ ದುಡ್ಡು ಕಳ್ಕೊಳ್ಳೋದು. ಯಾವ ಲೈಟಿನ ಜಾಹೀರಾತನ್ನಾದರೂ ಕಾಗದ, ಪೆನ್ನು ಹಿಡಿದು ಪರೀಕ್ಷೆ ಮಾಡಬಹುದು.

ಮೊದಲು ಬ್ಯಾಟರಿಯ ಎಂಎಎಚ್ (ಮಿಲಿಆಂಪಿಯರ್-ಗಂಟೆ, ಎಷ್ಟು ಚಾರ್ಜು ಹಿಡಿಯುತ್ತೆ ಅನ್ನೋ ಅಳತೆ) ನೋಡಿ. ಅದನ್ನು 1,000ದಿಂದ ಭಾಗಿಸಿ, ಲಿಥಿಯಂ ಸೆಲ್ಲಿನ ವೋಲ್ಟೇಜಾದ 3.7ರಿಂದ ಗುಣಿಸಿ. ಅದರಲ್ಲಿರುವ ಶಕ್ತಿ ಎಷ್ಟು ವ್ಯಾಟ್-ಗಂಟೆ ಅಂತ ಗೊತ್ತಾಗುತ್ತೆ. ಇಂಥ ಲೈಟುಗಳಲ್ಲಿ ಒಂದು ವ್ಯಾಟಿಗೆ ಹೆಚ್ಚುಕಡಿಮೆ 100 ಲ್ಯೂಮೆನ್ ಅಂತ ಇಟ್ಟುಕೊಳ್ಳಿ. ಈಗ ಒಂದು ಡಬ್ಬಿ ಮೇಲೆ '1,000 ಲ್ಯೂಮೆನ್, 1,200 ಎಂಎಎಚ್, 4 ಗಂಟೆ' ಅಂತ ಬರೆದಿದೆ ಅಂದುಕೊಳ್ಳಿ. ಬ್ಯಾಟರಿಯಲ್ಲಿರೋದು 4.4 ವ್ಯಾಟ್-ಗಂಟೆ. 1,000 ಲ್ಯೂಮೆನ್ನಿಗೆ 10 ವ್ಯಾಟ್ ಬೇಕು. ಅಂದರೆ ಅರ್ಧ ಗಂಟೆಯೂ ಉರಿಯೋದಿಲ್ಲ. 4 ಗಂಟೆ ಉರಿದರೆ ಅದು ಸರಾಸರಿ 110 ಲ್ಯೂಮೆನ್ನಿನ ಲೈಟು. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯವೇ ಇಲ್ಲ.

18650 ಸೆಲ್ಲಿನ ಮೇಲೆ 9,900 ಎಂಎಎಚ್ ಅಂತ ಬರೆದಿದ್ದರೆ ಅಲ್ಲೇ ಬಿಟ್ಟುಬಿಡಿ. ಆ ಗಾತ್ರದ ಒಳ್ಳೊಳ್ಳೆ ಸೆಲ್ಲುಗಳಲ್ಲೂ ಇರೋದು 3,500ರ ಆಸುಪಾಸು. ಒಳ್ಳೆ ಸೆಲ್ಲು 45 ಗ್ರಾಮಿನಷ್ಟು ತೂಗುತ್ತೆ. ತಕ್ಕಡಿಯಲ್ಲಿಟ್ಟರೆ ಅದಕ್ಕಿಂತ ತೀರಾ ಹಗುರ ಇದ್ದರೆ ಒಳಗೆ ಮಾಲು ಕಡಿಮೆ ಇದೆ ಅಂತಲೇ ಅರ್ಥ.

ಲೈಟಿನ ಬೆಳಕು, ಉರಿಯುವ ಹೊತ್ತು ಅಳೆಯುವ 'ಎಫ್‌ಎಲ್1' ಅನ್ನೋ ಮಾನದಂಡದ ಗುರುತು ಇದ್ದರೆ ಒಳ್ಳೇದು. ಆದರೆ ಅದರ ಗಂಟೆ ಲೆಕ್ಕವನ್ನೂ ಅರ್ಥ ಮಾಡ್ಕೊಂಡು ಓದಬೇಕು. ಲೈಟು ಹಚ್ಚಿ 30 ಸೆಕೆಂಡಿಗೆ ಇದ್ದ ಬೆಳಕು ಶೇ 10ಕ್ಕೆ ಇಳಿಯುವವರೆಗಿನ ಹೊತ್ತು ಅದು. 400 ಲ್ಯೂಮೆನ್ ಲೈಟು ಕೊನೆಯ ಒಂದು ಗಂಟೆ 50 ಲ್ಯೂಮೆನ್ನಲ್ಲಿ ಉರಿದರೂ ಆ ಗಂಟೆ ಲೆಕ್ಕಕ್ಕೆ ಸೇರುತ್ತೆ. ಹೊತ್ತು ಕಳೆದ ಹಾಗೆ ಬೆಳಕು ಎಷ್ಟೆಷ್ಟು ಇಳಿಯುತ್ತೆ ಅಂತ ಗ್ರಾಫ್ ಕೊಡುವ ತಯಾರಕರನ್ನು ನಾನು ಹೆಚ್ಚು ನಂಬ್ತೀನಿ.

ಸಂಜೆಪಾಳಿ ಅವರಿಗೆ ನನ್ನ ಲೆಕ್ಕ: 2,000 ಎಂಎಎಚ್ ಅಂದರೆ 7.4 ವ್ಯಾಟ್-ಗಂಟೆ. 300 ಲ್ಯೂಮೆನ್ನಲ್ಲಿ, ವ್ಯರ್ಥವಾಗುವ ಶಕ್ತಿ ಕಳೆದು, ಎರಡು ಗಂಟೆ ಬರಬೇಕು. ದೀಪ ಇರುವ ಕಡೆ ಕಡಿಮೆಗೆ ಇಳಿಸಿ, ಕತ್ತಲೆ ಭಾಗದಲ್ಲಿ ಮಾತ್ರ ಪೂರ್ತಿ ಹಾಕಿದರೆ ಮೂರು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು.

ಬಸ್ಸುತಪ್ಪಿದವ

ಚಾರ್ಜಿಂಗ್ ಬಗ್ಗೆ ಒಂದು ಪ್ರಶ್ನೆ. ನನ್ನದು ಟೈಪ್-ಸಿ ಲೈಟು. ಫೋನಿನ ಚಾರ್ಜರಿಗೆ ಹಾಕಿದರೆ ಚಾರ್ಜೇ ಆಗ್ತಿಲ್ಲ, ಕಂಪ್ಯೂಟರಿಗೆ ಹಾಕಿದರೆ ಆಗುತ್ತೆ. ಲೈಟು ಕೆಟ್ಟಿದೆಯಾ?

ಬ್ಯಾಟರಿಲೆಕ್ಕ

ಕೆಟ್ಟಿಲ್ಲ. ನಿಮ್ಮ ಫೋನ್ ಚಾರ್ಜರಿನ ಕೇಬಲ್ಲಿಗೆ ಎರಡು ತುದಿಯಲ್ಲೂ ಟೈಪ್-ಸಿ ಇರಬೇಕು. ಅಂಥ ಚಾರ್ಜರು, ಆಚೆ ಕಡೆ ಯಾರಿದ್ದಾರೆ ಅಂತ ಗೊತ್ತಾಗುವವರೆಗೆ ಕರೆಂಟು ಬಿಡೋದಿಲ್ಲ. ಅದನ್ನು ತಿಳಿಸೋಕೆ ಲೈಟಿನ ಒಳಗೆ 5.1 ಕಿಲೋಓಮಿನ ಎರಡು ಪುಟ್ಟ ರೆಸಿಸ್ಟರ್ ಹಾಕಬೇಕು. ಅಗ್ಗದ ಲೈಟುಗಳಲ್ಲಿ ಅವನ್ನೂ ಉಳಿಸಿಬಿಡ್ತಾರೆ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಬಳಸಿ, ಆಗುತ್ತೆ. ಹೊಸದು ಕೊಳ್ಳೋರು ಇದನ್ನು ಮೊದಲೇ ವಿಚಾರಿಸಿಕೊಂಡರೆ ಒಳ್ಳೇದು.

ಡೈನಮೋಭಕ್ತ

ಇಷ್ಟೊಂದು ಚಾರ್ಜಿನ ಚಿಂತೆ ಯಾಕೆ? ದಿನಾ ಓಡಾಡೋರಿಗೆ ಡೈನಮೋ ಬಿಟ್ಟರೆ ಇನ್ನೊಂದಿಲ್ಲ. ಹಳೇ ಬಾಟಲ್ ಡೈನಮೋ ನೆನಪಿಗೆ ತಂದುಕೊಂಡು ಮೂಗು ಮುರಿಯಬೇಡಿ. ಅದು ಟೈರಿಗೆ ಉಜ್ಜಿಕೊಂಡು ತಿರುಗೋದು, ಮಳೆಯಲ್ಲಿ ಜಾರೋದು ನಿಜ. ನಾನು ಹೇಳ್ತಿರೋದು ಮುಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಕೂತಿರುವ ಡೈನಮೋ. 15 ಕಿ.ಮೀ. ವೇಗದಲ್ಲಿ 6 ವೋಲ್ಟು, 3 ವ್ಯಾಟ್ ಕೊಡುತ್ತೆ. ಶಬ್ದ ಇಲ್ಲ, ಜಾರೋ ಮಾತಿಲ್ಲ. ಈಗಿನ ಎಲ್‌ಇಡಿಗೆ ಆ 3 ವ್ಯಾಟ್ ಬೇಕಾದಷ್ಟಾಯ್ತು. ಸಿಗ್ನಲ್ಲಿನಲ್ಲಿ ನಿಂತಾಗಲೂ ಆರದ ಹಾಗೆ ಲೈಟಿನೊಳಗೆ ಸ್ವಲ್ಪ ಕರೆಂಟು ಹಿಡಿದಿಡುವ ಕೆಪಾಸಿಟರ್ ಇರುತ್ತೆ, ಕೆಲವು ನಿಮಿಷ ಮಂದವಾಗಿ ಉರೀತಿರುತ್ತೆ. ಲೈಟು ಮನೆಯಲ್ಲಿ ಮರೆತು ಬಂದೆ ಅನ್ನೋ ಮಾತೇ ಬರೋದಿಲ್ಲ.

ಹಳೇಪೆಡಲು

ಡೈನಮೋಭಕ್ತರ ಮಾತು ಪೂರ್ತಿ ಒಪ್ಪಿಗೆ, ಆದರೆ ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕಲ್ಲ? ಹಬ್ಬು, ಕಡ್ಡಿ, ಕೂಲಿ, ಲೈಟು ಎಲ್ಲ ಸೇರಿದರೆ ಕೇಳಿದವರ ಬಜೆಟ್ಟಿನಲ್ಲಿ ಆಗೋ ಮಾತಲ್ಲ. ಹೊಸ ಸೈಕಲ್ ಕೊಳ್ಳುವಾಗ ಡೈನಮೋ ಹಬ್ಬಿನ ಜೊತೆಗೇ ಬಂದರೆ ಕಣ್ಣು ಮುಚ್ಚಿ ತಗೊಳ್ಳಿ ಅಂತ ನಾನೂ ಹೇಳ್ತೀನಿ.

ಡೈನಮೋಭಕ್ತ

ಸರಿ, ಒಪ್ಪಿದೆ. ಹಾಗಿದ್ದರೂ ಐದಾರು ವರ್ಷ ಇದೇ ದಾರಿ ಅಂತ ಗೊತ್ತಿದ್ದರೆ ಲೆಕ್ಕ ಬೇರೆಯಾಗುತ್ತೆ. ಅಷ್ಟರಲ್ಲಿ ಅಗ್ಗದ ಬ್ಯಾಟರಿ ಲೈಟು ಎಷ್ಟು ಸಲ ಬದಲಾಗಿರುತ್ತೆ ಅಂತ ಯೋಚಿಸಿ.

ಹಿಂಬದಿಕೆಂಪು

ಎಲ್ಲರೂ ಮುಂದಿನ ಲೈಟಿನ ಬಗ್ಗೆಯೇ ಮಾತಾಡ್ತಿದ್ದೀರಿ. ಹಿಂದಿನ ಕೆಂಪು ದೀಪದ ಬಗ್ಗೆ ಒಬ್ಬರೂ ಕೇಳಲಿಲ್ಲ ಅನ್ನೋದು ನನಗೆ ಬೇಸರ. ಮುಂದಿನ ಗುಂಡಿ ನೀವು ನೋಡಿ ತಪ್ಪಿಸಬಹುದು. ಹಿಂದಿನಿಂದ ಬರೋ ಲಾರಿಯನ್ನು ನೀವು ನೋಡೋದೇ ಇಲ್ಲ. ಅವನು ನಿಮ್ಮನ್ನು ನೋಡ್ತಾನಾ ಇಲ್ಲವಾ ಅನ್ನೋದೆಲ್ಲ ಆ ಒಂದು ಚಿಕ್ಕ ದೀಪದ ಮೇಲೆ ನಿಂತಿದೆ.

ಒಳ್ಳೆ ಸುದ್ದಿ ಏನೆಂದರೆ ಹಿಂದಿನ ದೀಪ ಅಗ್ಗ. ಕತ್ತಲಲ್ಲಿ 10–20 ಲ್ಯೂಮೆನ್ ಸಾಕೇ ಸಾಕು. ಬೆಳಕು ಪಕ್ಕಕ್ಕೂ ಹರಡಬೇಕು ಅನ್ನೋದು ಮುಖ್ಯ. ತಿರುವಿನಲ್ಲಿ ಓರೆಯಾಗಿ ಬರೋರಿಗೂ ಕಾಣಬೇಕಲ್ಲ. ಕಟ್ಟುವಾಗ ನೆಲಕ್ಕೆ ಸಮನಾಗಿ, ನೇರ ಹಿಂದಕ್ಕೆ ಮುಖ ಮಾಡಿರಲಿ. ಸೀಟ್ ಪೋಸ್ಟಿಗೆ ಕಟ್ಟಿ ಅದರ ಮೇಲೆ ಜಾಕೆಟ್ಟಿನ ತುದಿಯೋ ಬ್ಯಾಗಿನ ಪಟ್ಟಿಯೋ ಇಳಿಬಿದ್ದ ಸೈಕಲ್ಲುಗಳನ್ನು ಎಷ್ಟು ನೋಡಿದ್ದೀನೋ. ಸವಾರ ಪಾಪ ದೀಪ ಉರೀತಿದೆ ಅಂತಲೇ ನಂಬಿ ಹೋಗ್ತಿರ್ತಾನೆ. ಕ್ಯಾರಿಯರ್ ಇದ್ದರೆ ಅದರ ಹಿಂಭಾಗಕ್ಕೆ ಕಟ್ಟಿ, ಅಲ್ಲಿ ಯಾವುದೂ ಮರೆಮಾಡೋದಿಲ್ಲ.

ಆದರೆ ಒಂದನ್ನೇ ನಂಬಬೇಡಿ. ಎರಡು ಚಿಕ್ಕ ದೀಪ ಹಾಕಿ. ಹೋಗ್ತಾ ಹೋಗ್ತಾ ಹಿಂದಿನದು ಆರಿದರೆ ನಿಮಗೆ ಗೊತ್ತಾಗೋದಿಲ್ಲ.

ಬಸ್ಸುತಪ್ಪಿದವ

ಮಿನುಗಿಸಬೇಕಾ, ಸ್ಥಿರವಾಗಿ ಇಡಬೇಕಾ?

ಹಿಂಬದಿಕೆಂಪು

ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯಲ್ಲಿ ಸೈಕಲ್ಲಿಗೆ ಮಿನುಗುವ ದೀಪಕ್ಕೆ ಅವಕಾಶ ಇಲ್ಲ. ಬ್ರಿಟನ್ನಿನಲ್ಲಿ 2005ರಿಂದ ಇದೆ, ಆದರೆ ನಿಮಿಷಕ್ಕೆ 60ರಿಂದ 240 ಸಲ ಮಿನುಗಬೇಕು ಅನ್ನೋ ಮಿತಿ ಹಾಕಿದ್ದಾರೆ. ನೀವಿರುವ ಕಡೆಯ ನಿಯಮ ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಮಿನುಗುವ ದೀಪ ಬೇಗ ಕಣ್ಣಿಗೆ ಬೀಳುತ್ತೆ, ಆದರೆ ಅದು ಎಷ್ಟು ದೂರದಲ್ಲಿದೆ ಅಂತ ಅಂದಾಜು ಸಿಗೋದು ಕಷ್ಟ. ಅದಕ್ಕೇ ಎರಡು ದೀಪ ಅಂದಿದ್ದು. ಒಂದು ಸ್ಥಿರ, ಇನ್ನೊಂದು ನಿಧಾನಕ್ಕೆ ಮಿಡಿಯೋ ಥರದ್ದು. ಮುಂದಿನ ಲೈಟನ್ನು ಮಾತ್ರ ಕತ್ತಲೆ ದಾರಿಯಲ್ಲಿ ಯಾವತ್ತೂ ಮಿನುಗಿಸಬೇಡಿ. ನಿಮಗೆ ರಸ್ತೆ ತುಂಡುತುಂಡಾಗಿ ಕಾಣುತ್ತೆ, ಎದುರಿನವರಿಗೆ ಅದು ಹಿಂಸೆ.

ಎದುರುದಾರಿ

ಹಿಂಬದಿಕೆಂಪು ಅವರ ಕೊನೆಯ ಮಾತಿಗೆ ನನ್ನದೂ ಸಹಿ.

ಸಂಜೆಪಾಳಿ

ಇಷ್ಟು ಮಾಹಿತಿಗೆ ಎಲ್ಲರಿಗೂ ನಮಸ್ಕಾರ. ಎರಡು ಸಂದೇಹ ಉಳಿದಿವೆ. ಒಂದು, ಬುಟ್ಟಿ ಇರೋದರಿಂದ ಲೈಟು ಎಲ್ಲಿ ಕಟ್ಟೋದು? ಎರಡು, ಎಷ್ಟು ದೂರದವರೆಗೆ ಬೆಳಕು ಬಿದ್ದರೆ ಸಾಕು? ನಾನು 20 ಕಿ.ಮೀ. ವೇಗ ದಾಟೋದು ಅಪರೂಪ.

ಹಳೇಪೆಡಲು

ದೂರದ ಲೆಕ್ಕ ಮೊದಲು. 20 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 5.6 ಮೀಟರ್. ಗುಂಡಿ ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಂಡರೆ 8 ಮೀಟರಿಗೂ ಸ್ವಲ್ಪ ಹೆಚ್ಚು ಹೋಗಿರುತ್ತೀರಿ. ಒಣ ರಸ್ತೆಯಲ್ಲಿ ಸಾಧಾರಣ ಬ್ರೇಕಿಗೆ ನಿಲ್ಲೋಕೆ ಇನ್ನು 4 ಮೀಟರ್. ಒಟ್ಟು 12. ಇಳಿಜಾರಿನಲ್ಲಿ 30 ಮುಟ್ಟಿದರೆ ಇದೇ ಲೆಕ್ಕ 21 ಮೀಟರಿಗೆ ಹೋಗುತ್ತೆ. ಒದ್ದೆ ರಸ್ತೆಗೆ ಇನ್ನಷ್ಟು ಸೇರಿಸಿ. ಹಾಗಾಗಿ 20 ಮೀಟರ್ ದೂರ ಚೆನ್ನಾಗಿ ಕಂಡರೆ ನೀವು ನೆಮ್ಮದಿಯಾಗಿ ಹೋಗಬಹುದು. ಬೆಳಕು ಮುಟ್ಟದ ಜಾಗಕ್ಕೆ ವೇಗವಾಗಿ ನುಗ್ಗಬಾರದು, ಅಷ್ಟೆ.

ಬುಟ್ಟಿ ಇದ್ದರೆ ಹ್ಯಾಂಡಲ್ ಮೇಲೆ ಕಟ್ಟಬೇಡಿ. ಅರ್ಧ ಬೆಳಕು ಬುಟ್ಟಿಯ ತಂತಿಗೇ ಬಡಿದು ನಿಮ್ಮ ಕಣ್ಣಿಗೆ ವಾಪಸ್ ಬರುತ್ತೆ. ಬುಟ್ಟಿಯ ಮುಂದಂಚಿಗೆ ಕಟ್ಟಬಹುದು, ಅದು ಅಲ್ಲಾಡದೆ ಗಟ್ಟಿಯಾಗಿದ್ದರೆ. ಅದಕ್ಕಿಂತ ಒಳ್ಳೆ ಜಾಗ ಫೋರ್ಕಿನ ತಲೆ, ಅಂದರೆ ಮಡ್‌ಗಾರ್ಡಿನ ಬೋಲ್ಟು ಬರುವ ಜಾಗ. ಅಲ್ಲಿ ತಗಡಿನ ಒಂದು ಚಿಕ್ಕ ಬ್ರಾಕೆಟ್ ಹಾಕಿದರೆ ಲೈಟು ಕೂರುತ್ತೆ. ತಗ್ಗಿನಲ್ಲಿರೋದರಿಂದ ಇನ್ನೊಂದು ಲಾಭ ಇದೆ. ಬೆಳಕು ನೆಲಕ್ಕೆ ಸವರಿಕೊಂಡು ಹೋಗುವುದರಿಂದ ಗುಂಡಿಯ ಒಳಗೆ ಕರಿ ನೆರಳು ಎದ್ದು ಕಾಣುತ್ತೆ. ಲೈಟು ಕಣ್ಣಿಗೆ ಹತ್ತಿರವಾದಷ್ಟೂ ಆ ನೆರಳು ಮರೆಯಾಗುತ್ತೆ. ಹೆಲ್ಮೆಟ್ಟಿನ ಮೇಲೆ ಕಟ್ಟಿದರೆ ರಸ್ತೆ ಸಪಾಟಾಗಿ ಕಾಣೋದು ಇದೇ ಕಾರಣಕ್ಕೆ.

ಓರೆ ಸರಿ ಮಾಡೋಕೆ ಒಂದು ಗೋಡೆ ಸಾಕು. ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ ನೆಟ್ಟಗೆ ನಿಲ್ಲಿಸಿ. ನೆಲದಿಂದ ಲೈಟು ಎಷ್ಟು ಎತ್ತರದಲ್ಲಿದೆ ಅಂತ ಅಳೆದು ಗೋಡೆಯ ಮೇಲೆ ಗುರುತು ಹಾಕಿ. ಬೆಳಕಿನ ಅತಿ ಹೊಳಪಿನ ಭಾಗ ಆ ಗುರುತಿಗಿಂತ ಎತ್ತರದ ಕಾಲುಭಾಗದಷ್ಟು ಕೆಳಗೆ ಬೀಳಬೇಕು. 80 ಸೆಂಟಿಮೀಟರ್ ಎತ್ತರದಲ್ಲಿದ್ದರೆ 20 ಸೆಂಟಿಮೀಟರ್ ಕೆಳಗೆ, ಗೋಡೆ ಮೇಲೆ 60ರ ಹತ್ತಿರ. ಆಗ ಅದು ಸರಿಯಾಗಿ 20 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತೆ. ಮೇಲಂಚಿನ ಗೆರೆ ಮೊದಲ ಗುರುತನ್ನು ದಾಟಬಾರದು. ದಾಟಿದರೆ ಎದುರಿನವರ ಕಣ್ಣಿಗೆ ಹೋಗುತ್ತೆ ಅಂತಲೇ ಲೆಕ್ಕ. ಸಾಮಾನು ತುಂಬಿದ ಮೇಲೊಮ್ಮೆ, ನೀವೇ ಕೂತು ಯಾರಿಂದಲಾದರೂ ಹಿಡಿಸಿಕೊಂಡು ಮತ್ತೆ ನೋಡಿ.

ಟಾರ್ಚುಪ್ರೇಮಿ

ಇದನ್ನು ಓದಿದ ಮೇಲೆ ನನ್ನ ಟಾರ್ಚನ್ನೂ ಗೋಡೆಗೆ ಹಿಡಿದು ನೋಡಿದೆ. ಬೆಳಕಿನ ಅರ್ಧದಷ್ಟು ಗುರುತಿನ ಮೇಲೇ ಇದೆ. ನಾನು ಹೋಗೋದು ಕಾಡಂಚಿನ ನಿರ್ಜನ ದಾರಿ, ಅಲ್ಲಿ ಕೊಂಬೆ ತಲೆಗೆ ಬಡಿಯದ ಹಾಗೆ ಮೇಲಿನ ಬೆಳಕೂ ನನಗೆ ಬೇಕು. ಆದರೆ ಜನ ಓಡಾಡುವ ರಸ್ತೆಗೆ ಎದುರುದಾರಿ ಅವರು ಹೇಳೋದೇ ಸರಿ. ಸೆಲ್ ಬದಲಿಸುವಂಥ ಲೈಟು ತಗೊಳ್ಳಿ ಅನ್ನೋ ಮಾತನ್ನು ಮಾತ್ರ ನಾನು ಬಿಡೋದಿಲ್ಲ.

ಮಳೆಜಾಡು

ನೀರಿನ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ನೀರು ತಡೆಯುವ ಮಟ್ಟಕ್ಕೆ ಐಪಿಎಕ್ಸ್ ಅಂಕಿ ಇರುತ್ತೆ. ಐಪಿಎಕ್ಸ್4 ಅಂದರೆ ಎಲ್ಲಾ ದಿಕ್ಕಿನ ಎರಚಲು ತಡೆಯುತ್ತೆ, ಮಳೆಗೆ ಅದು ಕನಿಷ್ಠ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತೊಂದರೆ ಇಲ್ಲ. ಆದರೆ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಸಡಿಲವಾದರೆ ಯಾವ ಅಂಕಿಯೂ ಉಳಿಸೋದಿಲ್ಲ. ಕೊಳ್ಳುವಾಗ ಅದನ್ನೇ ಉಗುರಿನಿಂದ ತೆಗೆದು ಹಾಕಿ ನೋಡಿ. ದಪ್ಪಗಿದ್ದು ಗಟ್ಟಿಯಾಗಿ ಒಳಗೆ ಕೂರಬೇಕು. ಕಿಂಡಿ ಲೈಟಿನ ತಳದಲ್ಲಿದ್ದರೆ ಮುಂದಿನ ಚಕ್ರದ ಕೆಸರು ನೇರ ಅಲ್ಲಿಗೇ ಹಾರುತ್ತೆ, ಮಡ್‌ಗಾರ್ಡ್ ಇಲ್ಲದವರು ಇದನ್ನು ಗಮನಿಸಿ. ನೆನೆದ ಲೈಟನ್ನು ಒಣಗಿಸದೆ ಚಾರ್ಜಿಗೆ ಹಾಕಬೇಡಿ.

ಹಿಂಬದಿಕೆಂಪು

ಬ್ಯಾಟರಿಯೇ ಬೇಡದ ಒಂದು ಸಾಧನ ಬಿಟ್ಟುಹೋಯ್ತು. ರಿಫ್ಲೆಕ್ಟರ್ ಟೇಪು. ಕಣಕಾಲಿಗೆ ಒಂದು ಪಟ್ಟಿ ಸುತ್ತಿಕೊಳ್ಳಿ, ಪೆಡಲ್ಲಿನ ರಿಫ್ಲೆಕ್ಟರು ಕಿತ್ತುಹೋಗಿದ್ದರೆ ಹೊಸದು ಹಾಕಿಸಿ. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡ ಕೂಡಲೇ ಡ್ರೈವರಿಗೆ ಅದು ಸೈಕಲ್ ತುಳಿಯೋ ಮನುಷ್ಯ ಅಂತ ತಿಳಿಯುತ್ತೆ. ಕಣಕಾಲು, ಮಂಡಿಗೆ ಪಟ್ಟಿ ಕಟ್ಟಿದ ಸವಾರರನ್ನು ಡ್ರೈವರುಗಳು ಹೆಚ್ಚು ಚೆನ್ನಾಗಿ ಗುರುತಿಸುತ್ತಾರೆ ಅಂತ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗಗಳಲ್ಲಿ ಕಂಡುಬಂದಿದೆ. ಹಗಲಿನಲ್ಲಿ ಕಣ್ಣು ಸೆಳೆಯುವ ಫ್ಲೋರೊಸೆಂಟ್ ಹಳದಿ ಬಟ್ಟೆ ರಾತ್ರಿ ಅಷ್ಟು ಉಪಯೋಗಕ್ಕೆ ಬರಲ್ಲ, ಅದು ಹೊಳೆಯೋಕೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬೇಕು. ಟೇಪಿನ ಬೆಲೆ ಈ ಪಟ್ಟಿಯಲ್ಲೇ ಎಲ್ಲಕ್ಕಿಂತ ಕಡಿಮೆ.

ಸಂಜೆಪಾಳಿ

ತಗೊಂಡೆ. ಮುಂದಕ್ಕೆ ಅಲೆಗೆರೆ ಮತ್ತು 'ಕೆ' ಗುರುತಿರುವ 40 ಲಕ್ಸಿನ ಚಿಕ್ಕ ಲೈಟು, ಫೋರ್ಕಿನ ತಲೆಗೆ ಬ್ರಾಕೆಟ್ ಹಾಕಿಸಿದೆ. ಹಿಂದಕ್ಕೆ ಎರಡು ಚಿಕ್ಕ ಕೆಂಪು, ಒಂದು ಕ್ಯಾರಿಯರಿಗೆ, ಒಂದು ಸೀಟ್ ಪೋಸ್ಟಿಗೆ. ಮಿಕ್ಕಿದ ದುಡ್ಡಿಗೆ ಟೇಪು. ಗೋಡೆ ಪರೀಕ್ಷೆ ಮಾಡಿದೆ. ಮೊದಲು ಕಟ್ಟಿದಾಗ ಗೆರೆ ಗುರುತಿನ ಮೇಲೆ ಹೋಗಿತ್ತು, ಬೋಲ್ಟು ಸಡಿಲಿಸಿ ಇಳಿಸಿದೆ. ಕತ್ತಲೆ ಭಾಗದಲ್ಲಿ ಕಿತ್ತ ಡಾಂಬರಿನ ಅಂಚು ಈಗ ದೂರದಿಂದಲೇ ಕಪ್ಪಗೆ ಎದ್ದು ಕಾಣುತ್ತೆ.

ಮುಂದೆ ಪಾಳಿ ಮತ್ತೆ ಹಗಲಿಗೆ ಬಂದರೆ ಲೈಟು ಕೆಲವು ತಿಂಗಳು ಸುಮ್ಮನೆ ಕೂರುತ್ತೆ. ಪೂರ್ತಿ ಚಾರ್ಜ್ ಮಾಡಿ ಇಡಬೇಕಾ?

ಬ್ಯಾಟರಿಲೆಕ್ಕ

ಬೇಡ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿ ಇಟ್ಟರೂ ಬೇಗ ಮುದಿಯಾಗುತ್ತೆ, ಪೂರ್ತಿ ಖಾಲಿ ಇಟ್ಟರೆ ಸತ್ತೇ ಹೋಗಬಹುದು. ಅರ್ಧದಷ್ಟು ಚಾರ್ಜಿನಲ್ಲಿ, ಬಿಸಿಲು ತಾಗದ ತಂಪು ಜಾಗದಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತುಂಬಿಸಿ. ಹಿಂದಿನ ಕೆಂಪು ದೀಪಗಳಿಗೂ ಇದೇ ಕ್ರಮ, ಅವುಗಳ ಬ್ಯಾಟರಿ ಚಿಕ್ಕದಾದ್ದರಿಂದ ಮೊದಲು ಖಾಲಿಯಾಗೋದೂ ಅವೇ.